ಅಂಚಿಗೆ ಬಿಟ್ಟ ಜಾಗ

ಬನಹಟ್ಟಿಯ ಒಂದು ಲಗ್ನದ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದಾಗ ಚಿತ್ರ ನಡುಗುತ್ತಿರುವುದನ್ನು ಮೊದಲ ಸಲ ಕಂಡೆ. ವರ ತಾಳಿ ಕಟ್ಟುವ ಹೊತ್ತು. ಕ್ಯಾಮೆರಾ ವಧುವಿನ ಕೊರಳ ಹತ್ತಿರಕ್ಕೆ ಹೋಗಿತ್ತು. ಅರಿಶಿನದ ದಾರ, ಅದನ್ನು ಹಿಡಿದ ಬೆರಳು, ಹಿಂದೆ ಯಾರದೋ ಮುಷ್ಟಿಯಲ್ಲಿದ್ದ ಅಕ್ಕಿಕಾಳು, ಎಲ್ಲವೂ ಸಣ್ಣಗೆ ಒಂದೇ ಸಮನೆ ಕಂಪಿಸುತ್ತಿದ್ದವು. ಟೇಪು ಹಾಳಾಗಿರಬೇಕೆಂದು ಹೊರಗೆ ತೆಗೆದು, ಯಂತ್ರದ ಹೆಡ್ ಒರೆಸಿ ಮತ್ತೆ ಹಾಕಿದೆ. ಹಾಗೇ ಇತ್ತು.

ಜಮಖಂಡಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯ ಮಹಡಿಯ ಮೇಲೆ ನಮ್ಮ ಸ್ಟುಡಿಯೋ ಇತ್ತು. ಕೆಳಗಿನ ಅಂಗಡಿಯಲ್ಲಿ ಮಾಲಕರು ಫೋಟೋ ತೆಗೆಯುತ್ತ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದರು. ಲಗ್ನ, ಬಸುರಿಯರ ಕುಬಸ, ಹೊಸ ಮನೆಯ ವಾಸ್ತುಶಾಂತಿ ಇವುಗಳ ವಿಡಿಯೋ ತೆಗೆಯುವವರು ಒಬ್ಬರೇ. ಐವತ್ತು ದಾಟಿದವರು, ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ತಂದ ಟೇಪುಗಳನ್ನು ಕತ್ತರಿಸಿ ಜೋಡಿಸಿ, ಹೆಸರು ಮೂಡಿಸಿ, ಬಣ್ಣ ತಿದ್ದಿ, ಡಿವಿಡಿ ಮಾಡಿಕೊಡುವುದು ನನ್ನ ಕೆಲಸ. ನಾನು ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ.

ಕಾಕಾನ ಚಿತ್ರ ಅಲುಗುತ್ತಿರಲಿಲ್ಲ. ನಮ್ಮ ಭಾಗದಲ್ಲಿ ಅವರಿಗೆ ಹೆಸರಿದ್ದದ್ದೇ ಅದಕ್ಕೆ. ಭಾರದ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಮೆರವಣಿಗೆಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕಲ್ಲುಹಾಸಿನ ಓಣಿಯಲ್ಲೂ ಒಂದು ಕುಲುಕು ಇಲ್ಲದಂತೆ ತೆಗೆಯುತ್ತಿದ್ದರು. ಮುಧೋಳ, ಬೀಳಗಿ ಕಡೆಯ ಜನ ಸ್ಟುಡಿಯೋಕ್ಕೆ ಬಂದು ಅವರೇ ಬರಬೇಕೆಂದು ಕೇಳುತ್ತಿದ್ದರು. ಅವರು ಬೇರೆ ಕಡೆ ಒಪ್ಪಿಕೊಂಡಿದ್ದರೆ ಲಗ್ನದ ಹೊತ್ತನ್ನೇ ಹಿಂದೆ ಮುಂದೆ ಮಾಡಿಕೊಂಡ ಮನೆಗಳೂ ಇದ್ದವು.

ಹೀಗಾಗಿ ಆ ನಡುಕಕ್ಕೆ ನಾನು ಬೇರೆ ಕಾರಣವನ್ನೇ ಹುಡುಕಿದೆ. ಕಾಕಾನನ್ನು ಕೇಳಿದಾಗ, ಅದು ಮಗ್ಗದ ಓಣಿ, ಪಕ್ಕದ ಮನೆಯಲ್ಲಿ ಪವರ್‌ಲೂಮು ನಡೆದಿದ್ದವು, ನೆಲವೇ ನಡುಗುತ್ತಿತ್ತು ಎಂದರು. ನನಗೆ ಅದು ಸರಿ ಎನ್ನಿಸಿತು. ನಮ್ಮಪ್ಪನೂ ಮಗ್ಗದಲ್ಲೇ ದುಡಿಯುವವನು. ನಮ್ಮ ಮನೆಯಲ್ಲಿ ಮಗ್ಗ ಓಡುವಾಗ ತಂಬಿಗೆಯ ನೀರಿನಲ್ಲಿ ಸಣ್ಣ ಅಲೆ ಏಳುವುದನ್ನು ನೋಡುತ್ತಲೇ ಬೆಳೆದವಳು ನಾನು.

ಮುಂದಿನ ಟೇಪು ಮುಧೋಳದ್ದು. ದೊಡ್ಡ ಕಲ್ಯಾಣ ಮಂಟಪ, ಕಲ್ಲಿನ ನೆಲ. ಸುತ್ತ ಹರದಾರಿ ದೂರ ಮಗ್ಗವಿಲ್ಲ. ಅಲ್ಲಿಯೂ ಚಿತ್ರ ನಡುಗುತ್ತಿತ್ತು. ದೂರದಿಂದ ತೆಗೆದಾಗ ಅಷ್ಟು ಕಾಣುತ್ತಿರಲಿಲ್ಲ. ಮುಖದ ಹತ್ತಿರಕ್ಕೆ ಹೋದಾಗ ಕಾಣುತ್ತಿತ್ತು. ಬೆಳಿಗ್ಗೆಯ ಭಾಗದಲ್ಲಿ ಕಡಿಮೆ, ಮಧ್ಯಾಹ್ನದ ಊಟದ ಹೊತ್ತಿಗೆ ಜಾಸ್ತಿ. ಈ ಸಲ ನಾನು ಕಾಕಾನನ್ನು ಕೇಳಲಿಲ್ಲ.

ನಾವು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಚಿತ್ರಕ್ಕೆ ಹಚ್ಚುವ ಪ್ರತಿ ತಿದ್ದುಪಡಿಗೂ ಫಿಲ್ಟರ್ ಎನ್ನುತ್ತಿದ್ದೆವು. ಬಣ್ಣ ಸರಿಮಾಡಲು ಒಂದು, ಕತ್ತಲಲ್ಲಿ ಕಾಣುವ ಕಾಳುಕಾಳು ಮಸುಕನ್ನು ತೆಗೆಯಲು ಒಂದು, ಆಭರಣದ ಹೊಳಪು ಹೆಚ್ಚಿಸಲು ಒಂದು, ಅಲುಗುವ ಚಿತ್ರವನ್ನು ನಿಲ್ಲಿಸಲು ಒಂದು. ಹಚ್ಚಿದವೆಲ್ಲ ಪರದೆಯ ಬದಿಯಲ್ಲಿ ಒಂದರ ಕೆಳಗೊಂದು ಸಾಲಾಗಿ ಕೂಡುತ್ತವೆ. ಪ್ರತಿಯೊಂದರ ಮುಂದೆ ಒಂದು ಪುಟ್ಟ ಚೌಕ. ಅದರಲ್ಲಿ ಗುರುತಿದ್ದರೆ ಫಿಲ್ಟರ್ ಕೆಲಸ ಮಾಡುತ್ತದೆ. ಗುರುತು ತೆಗೆದರೆ ಚಿತ್ರ ಮೊದಲಿದ್ದ ಸ್ಥಿತಿಗೆ ಹೋಗುತ್ತದೆ. ಚಿತ್ರ ಮೇಲಿನ ಫಿಲ್ಟರನ್ನು ದಾಟಿ ಕೆಳಗಿನದಕ್ಕೆ ಇಳಿಯುವುದರಿಂದ, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಬಹಳ ಮುಖ್ಯ. ನೂಲಿಗೆ ಮೊದಲು ಬಣ್ಣ, ಆಮೇಲೆ ಗಂಜಿ. ಗಂಜಿ ಕುಡಿದ ನೂಲಿಗೆ ಬಣ್ಣ ಹತ್ತುವುದಿಲ್ಲವೆಂಬುದು ನನಗೆ ಮನೆಯಲ್ಲೇ ಗೊತ್ತಿತ್ತು. ಇಲ್ಲಿಯೂ ಅದೇ ಲೆಕ್ಕ.

ಮೊದಲ ದಿನ ನಾನು ತಪ್ಪಿದೆ. ಹೊಳಪಿನ ಫಿಲ್ಟರ್ ಮೇಲಿತ್ತು. ನಡುಕ ನಿಲ್ಲಿಸುವುದನ್ನು ಅದರ ಕೆಳಗೆ ಹಾಕಿದೆ. ನಡುಕ ನಿಲ್ಲಿಸುವ ಫಿಲ್ಟರು ಚಿತ್ರದಲ್ಲಿನ ಗಟ್ಟಿ ಗುರುತುಗಳನ್ನು, ಎಂದರೆ ಕಂಬದ ಅಂಚು, ತೋರಣದ ಮೂಲೆ, ಇಂಥವನ್ನು ಹಿಡಿದು ಅವು ಎಷ್ಟು ಅಲುಗಿದವೋ ಅಷ್ಟನ್ನು ಹಿಂದಕ್ಕೆ ಎಳೆಯುತ್ತದೆ. ಅದು ಕಂಬವನ್ನು ಬಿಟ್ಟು ವಧುವಿನ ನತ್ತಿನ ಹೊಳಪನ್ನು ಹಿಡಿದುಕೊಂಡಿತು. ನತ್ತು ನಿಂತಿತು, ಮಂಟಪವೆಲ್ಲ ತೂಗಾಡಿತು. ಹೊಳಪನ್ನು ಎಳೆದು ಎಲ್ಲಕ್ಕಿಂತ ಕೆಳಗೆ ಹಾಕಿದೆ. ಮೇಲೆ, ಟೇಪಿನಲ್ಲಿ ಗೆರೆ ಬಿಟ್ಟು ಗೆರೆ ಎರಡು ಪಾಲಾಗಿ ಬರುವ ಚಿತ್ರವನ್ನು ಒಂದುಗೂಡಿಸುವ ಫಿಲ್ಟರ್, ಅದರ ಕೆಳಗೆ ನಡುಕ ನಿಲ್ಲಿಸುವುದು, ಆಮೇಲೆ ಬಣ್ಣ, ಕಡೆಗೆ ಹೊಳಪು. ಈ ಕ್ರಮದಲ್ಲಿ ಓಡಿಸಿದಾಗ ಮುಧೋಳದ ಮಂಟಪ ಕಾಕಾನ ಹಳೆಯ ಕೆಲಸದ ಹಾಗೆ ನಿಶ್ಚಲವಾಗಿ ನಿಂತಿತು.

ಒಂದೇ ತೊಂದರೆ. ಚಿತ್ರವನ್ನು ಹಿಂದೆ ಮುಂದೆ ಎಳೆದಾಗ ಅಂಚಿನಲ್ಲಿ ಕಪ್ಪು ಜಾಗ ಇಣುಕುತ್ತದೆ. ಅದನ್ನು ಮುಚ್ಚಲು ಚಿತ್ರವನ್ನು ಸ್ವಲ್ಪ ಹಿಗ್ಗಿಸಬೇಕು. ಹಿಗ್ಗಿಸಿದರೆ ನಾಲ್ಕೂ ಅಂಚು ಹೊರಗೆ ಹೋಗುತ್ತವೆ. ನಡುಕ ಹೆಚ್ಚಾದಷ್ಟೂ ಕತ್ತರಿಸುವುದು ಹೆಚ್ಚು. ಅಂಚಿನಲ್ಲಿ ನಿಂತಿದ್ದ ಬೀಗರ ಅರ್ಧ ಮುಖ ಹೋಯಿತು, ಯಾರದೋ ಪೇಟದ ತುದಿ ಹೋಯಿತು. ಯಾರೂ ಕೇಳಲಿಕ್ಕಿಲ್ಲ ಎಂದುಕೊಂಡೆ. ಆ ಫಿಲ್ಟರುಗಳ ಸಾಲನ್ನು ಹಾಗೆಯೇ ಉಳಿಸಿಟ್ಟು, ಅಂದಿನಿಂದ ಬಂದ ಪ್ರತಿ ಟೇಪಿಗೂ ಹಚ್ಚತೊಡಗಿದೆ. ಮಾಲಕರಿಗೆ ಹೇಳಲಿಲ್ಲ. ಹೇಳಿದರೆ ಅವರು ಹೊಸಬನನ್ನು ಹುಡುಕುತ್ತಾರೆಂಬುದು ನನಗೆ ಗೊತ್ತಿತ್ತು. ಕಾಕಾನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಕೆಲಸ ಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ.

ಲೋಕಾಪುರದ ಒಂದು ಮನೆಗೆ ಡಿವಿಡಿ ಕೊಡಲು ನಾವಿಬ್ಬರೂ ಹೋಗಿದ್ದೆವು. ಅವರು ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಅಲ್ಲಿಯೇ ಟಿ.ವಿ.ಯಲ್ಲಿ ಹಾಕಿದರು. ಎಲ್ಲರೂ ಖುಷಿಯಾಗಿ ನೋಡಿದರು. ಕಾಕಾ ಟಿ.ವಿ.ಯ ಹತ್ತಿರಕ್ಕೆ ಸರಿದು ಕುಳಿತರು. ವಾಪಸು ಬರುವಾಗ ಬಸ್ಸಿನಲ್ಲಿ, ಫ್ರೇಮು ಬಿಗಿಯಾಗಿ ಕಾಣುತ್ತವಲ್ಲ, ನಾನು ತೆಗೆದಾಗ ತಲೆಯ ಮೇಲೆ ಜಾಗ ಇತ್ತು ಎಂದರು. ಹಳೆಯ ಟಿ.ವಿ.ಗಳು ಅಂಚನ್ನು ನುಂಗುತ್ತವೆ ಎಂದು ಹೇಳಿದೆ. ಅದೇನೂ ಪೂರಾ ಸುಳ್ಳಲ್ಲ. ಅವರು ಹೂಂ ಎಂದು ಕಿಟಕಿಯ ಕಡೆ ತಿರುಗಿ ಕುಳಿತರು.

ಅದಾದ ಮೇಲೆ ಬಂದ ಟೇಪುಗಳಲ್ಲಿ ಕಾಕಾನ ಫ್ರೇಮು ಅಗಲವಾದವು. ವಧೂವರರ ತಲೆಯ ಮೇಲೆ, ಅಕ್ಕಪಕ್ಕದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಖಾಲಿ ಜಾಗ. ಟಿ.ವಿ.ಯ ಮಾತನ್ನು ಅವರು ನಂಬಿದ್ದಾರೆಂದು ನಾನು ತಿಳಿದೆ. ನನಗೆ ಕೆಲಸ ಸುಲಭವಾಯಿತು. ಕತ್ತರಿಸಿದ ಮೇಲೂ ಚಿತ್ರ ಸರಿಯಾಗಿ ಕೂಡುತ್ತಿತ್ತು. ಆ ವರ್ಷದ ಲಗ್ನಗಳೆಲ್ಲ ಹಾಗೆ ಕಳೆದವು.

ಬೀಳಗಿ ತಾಲೂಕಿನ, ಅಣೆಕಟ್ಟಿನ ಹಿನ್ನೀರಿನ ಬದಿಯ ಒಂದು ಊರಿನಿಂದ ಅಣ್ಣತಮ್ಮಂದಿರಿಬ್ಬರು ಸ್ಟುಡಿಯೋಕ್ಕೆ ಬಂದದ್ದು ಸುಗ್ಗಿ ಮುಗಿದ ಮೇಲೆ. ಕುರಿ ಸಾಕಿ, ಹೊಲ ಮಾಡಿಕೊಂಡಿದ್ದ ಮನೆತನ. ಅವರ ಮನೆ ಮುಳುಗಡೆಗೆ ಸೇರಿ ಎಷ್ಟೋ ವರ್ಷವಾಗಿತ್ತು. ನೀರು ಹಿತ್ತಿಲವರೆಗೆ ಬಂದು ಬಂದು ಹೋಗುತ್ತಿದ್ದರೂ ಅವರ ತಾಯಿ ಬಿಟ್ಟು ಬಂದಿರಲಿಲ್ಲ. ಈಗ ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆ ಮುಗಿಯುತ್ತ ಬಂದಿತ್ತು. ಹಳೆಯ ಮನೆಯ ಸಾಗವಾನಿ ತೊಲೆಗಳನ್ನು ಕಿತ್ತು ಹೊಸ ಮನೆಯ ಬಾಗಿಲು ಚೌಕಟ್ಟಿಗೆ ಬಳಸುವವರಿದ್ದರು. ಕೀಳುವ ಮೊದಲು ಮನೆಯನ್ನೆಲ್ಲ ವಿಡಿಯೋ ತೆಗೆಸಬೇಕು, ತಾಯಿ ಒಂದೊಂದು ಜಾಗವನ್ನೂ ತೋರಿಸಿ ಹೇಳುವುದು ಅದರಲ್ಲಿ ಬರಬೇಕು, ವಾಸ್ತುಶಾಂತಿಯ ದಿನ ಬಂದ ಬೀಗರಿಗೆಲ್ಲ ತೋರಿಸಬೇಕು ಎಂದು ತಮ್ಮನ ಆಸೆ. ಮೊದಲಿಗೆ ಬಂಗಾರದ ಅಕ್ಷರದಲ್ಲಿ ಮನೆತನದ ಹೆಸರು ತಿರುಗುತ್ತ ಬರಬೇಕು, ಹಳೆಯ ಮನೆ ನಿಧಾನಕ್ಕೆ ಕರಗಿ ಹೊಸ ಮನೆಯಾಗಬೇಕು ಎಂದೂ ಹೇಳಿದ. ಕಾಕಾ ಒಬ್ಬರೇ ಹೋಗಿ ತೆಗೆದುಕೊಂಡು ಬಂದರು. ಮಾರನೆಯ ದಿನವೇ ಅಲ್ಲಿ ತೊಲೆ ಕೀಳಲು ಜನ ಹತ್ತಿದರು.

ಟೇಪು ಹಾಕಿ ನನ್ನ ಸಾಲು ಫಿಲ್ಟರುಗಳನ್ನು ಹಚ್ಚಿ ನೋಡಿದೆ. ಪಡಸಾಲೆಯ ಗೋಡೆ ಅಲೆಯಾಡುತ್ತಿತ್ತು. ಬಟ್ಟೆ ಗಾಳಿಗೆ ಆಡುವಂತೆ ಉಬ್ಬಿ, ತಗ್ಗಿ, ಬಾಗಿಲಿನ ಚೌಕಟ್ಟು ಡೊಂಕಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಮನೆ ಆಗಲೇ ನೀರಿನ ಒಳಗಿದ್ದಂತೆ ಕಂಡಿತು. ನೋಡಲಾಗದೆ ನಿಲ್ಲಿಸಿದೆ.

ಕಾರಣ ತಿಳಿಯಲು ಹೊತ್ತು ಹಿಡಿಯಿತು. ಲಗ್ನದ ಮನೆಯಲ್ಲಿ ತೋರಣ, ಕಂಬ, ಹೂವು, ಕುರ್ಚಿ ಎಂದು ಫಿಲ್ಟರಿಗೆ ಹಿಡಿದುಕೊಳ್ಳಲು ಸಾವಿರ ಗುರುತು ಇರುತ್ತವೆ. ಇಲ್ಲಿ ಸಾಮಾನೆಲ್ಲ ಹೊಸ ಮನೆಗೆ ಹೋಗಿತ್ತು. ಉಳಿದದ್ದು ಸುಣ್ಣ ಬಳಿದ ಬೋಳು ಮಣ್ಣಿನ ಗೋಡೆ, ಮೇಲಿನ ಬೆಳಕಿಂಡಿಯಿಂದ ಬೀಳುವ ಒಂದು ತುಂಡು ಬೆಳಕು. ಹಿಡಿಯಲು ಏನೂ ಸಿಗದೆ ಅದು ಕಾಳುಕಾಳು ಮಸುಕನ್ನೇ ಗುರುತೆಂದು ತಿಳಿದು ಎಳೆದಾಡುತ್ತಿತ್ತು. ಮಸುಕು ತೆಗೆಯುವ ಫಿಲ್ಟರನ್ನು ಮೇಲಕ್ಕೆ ತಂದೆ. ಮಸುಕಿನ ಜೊತೆ ಗೋಡೆಯ ಬಿರುಕೂ ಅಳಿಸಿ, ಇದ್ದ ಒಂದೆರಡು ಗುರುತೂ ಹೋದವು. ಕಪ್ಪು ಬಿಳುಪಿನ ವ್ಯತ್ಯಾಸ ಏರಿಸಿ ಅದನ್ನು ಮೊದಲು ಹಾಕಿದೆ. ಬೆಳಕಿಂಡಿಯ ಬಿಸಿಲು ಸರಿದಂತೆ ಗೋಡೆಯೂ ಅದರ ಹಿಂದೆ ಸರಿಯಿತು. ಕಡೆಗೆ ಫಿಲ್ಟರನ್ನು ನಂಬದೆ ನಾನೇ ಒಂದು ಗುರುತು ಹಿಡಿಯಲು ಹೋದೆ. ಗೋಡೆಯ ಒಂದು ಮೊಳೆಯನ್ನು ಆರಿಸಿ, ಪ್ರತಿ ಚಿತ್ರದಲ್ಲೂ ಅದರ ಮೇಲೆ ಕೈಯಾರೆ ಒತ್ತುತ್ತ ಬಂದೆ. ಕಾಕಾ ಅಡುಗೆಮನೆಯ ಕಡೆ ತಿರುಗಿದ ಕೂಡಲೇ ಮೊಳೆ ಮರೆಯಾಯಿತು.

ಆಗ ನನಗೆ ಎರಡನೆಯ ಸಂಗತಿ ಅರಿವಾಯಿತು. ಈ ಸಲದ ನಡುಕ ಹಿಂದಿನ ಯಾವ ಟೇಪಿನಲ್ಲೂ ಇದ್ದಷ್ಟಿರಲಿಲ್ಲ. ಅಂಚಿಗೆ ಎಷ್ಟು ಜಾಗ ಬಿಟ್ಟು ತೆಗೆದಿದ್ದರೂ ಸಾಲದಷ್ಟು ಇತ್ತು.

ಲಗ್ನದ ಟೇಪುಗಳ ಧ್ವನಿಯನ್ನು ನಾನು ಕೇಳುತ್ತಿದ್ದದ್ದು ಕಡಿಮೆ. ಹೇಗೂ ಮೇಲೆ ಹಾಡು ಹಾಕುತ್ತಿದ್ದೆವು. ಇದರಲ್ಲಿ ಆಯಿಯ, ಎಂದರೆ ಆ ತಾಯಿಯ ಮಾತು ಬೇಕಾಗಿತ್ತಾದ್ದರಿಂದ ಪೂರ್ತಿ ಕೇಳಿದೆ. ಅತ್ತೆ ಕೂರುತ್ತಿದ್ದ ಕಟ್ಟೆ, ಮಕ್ಕಳನ್ನು ಹೆತ್ತ ಕೋಣೆ, ಮನೆದೇವರು ಬೀರಪ್ಪನನ್ನು ಇಟ್ಟಿದ್ದ ಜಗಲಿ, ಕುರಿಮರಿ ಕಟ್ಟುತ್ತಿದ್ದ ಮೂಲೆ ಎಂದು ಆಯಿ ಒಂದೊಂದನ್ನೂ ತೋರಿಸುತ್ತ ನಡೆದಿದ್ದಳು. ಅಡುಗೆಮನೆಯಲ್ಲಿ ಅವಳ ಮಾತು ನಿಂತಿತು. ಕ್ಯಾಮೆರಾ ಆರಿಸಿರಲಿಲ್ಲ, ಚಿತ್ರದಲ್ಲಿ ನೆಲ ಮಾತ್ರ ಕಾಣುತ್ತಿತ್ತು. ಆಮೇಲೆ ಅವಳು ಕಾಕಾನಿಗೆ ಹೇಳುವುದು ಕೇಳಿಸಿತು.

"ತಮ್ಮಾ, ಕೈ ನಡಗಾಕತ್ತಾವಲ್ಲೋ. ಕುಂದ್ರು ಒಂದೀಟು, ನೀರ ಕುಡಿ."

"ನೀರ ಕುಡದ್ರ ನಿಲ್ಲಾಂಗಿಲ್ಲ ಆಯಿ. ವರ್ಷದ ಮ್ಯಾಲಾತು."

"ಮನ್ಯಾಗ ಹೇಳೀಯಿಲ್ಲೋ?"

"ಇಲ್ಲ. ಹೇಳಿದ್ರ ಕ್ಯಾಮೆರಾ ಕೆಳಗ ಇಡಸ್ತಾರ."

ನಾನು ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಕೆಳಗೆ ಅಂಗಡಿಯಲ್ಲಿ ಕಾಕಾ ಮಾಲಕರ ಜೊತೆ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಏನೋ ತಮಾಷೆಗೆ ಇಬ್ಬರೂ ನಕ್ಕರು. ಆ ದಿನ ನಾನು ಮತ್ತೆ ಟೇಪು ಮುಟ್ಟಲಿಲ್ಲ.

ಎರಡು ದಾರಿ ಇದ್ದವು. ಟೇಪು ಹಾಳಾಗಿ ಬಂದಿದೆ ಎಂದು ಮಾಲಕರಿಗೆ ಹೇಳಬಹುದಾಗಿತ್ತು. ಟೇಪು ಹಾಳಾಗುವುದು ಹೊಸದೇನಲ್ಲ. ಯಾರ ಮೇಲೂ ಬರುತ್ತಿರಲಿಲ್ಲ. ಆದರೆ ತೊಲೆ ಕಿತ್ತ ಮೇಲೆ ಮಾಳಿಗೆ ಕುಸಿದು ಆ ಮನೆ ಆಗಲೇ ಮಣ್ಣಿನ ಗುಡ್ಡೆಯಾಗಿತ್ತು. ಅವರ ಪಾಲಿಗೆ ಅದರದ್ದೆಂದು ಉಳಿದದ್ದು ಈ ಟೇಪು ಒಂದೇ. ಅದನ್ನು ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ದಾರಿ ಕಾಕಾನಿಗೆ ತೋರಿಸುವುದು.

ಮರುದಿನ ಮಧ್ಯಾಹ್ನ ಮಾಲಕರು ಊಟಕ್ಕೆ ಹೋದಾಗ ಕಾಕಾನನ್ನು ಮೇಲೆ ಕರೆದೆ. ಈ ಕೆಲಸ ನನ್ನಿಂದ ಆಗುತ್ತಿಲ್ಲ, ಫಿಲ್ಟರು ಹಿಡಿಯುತ್ತಿಲ್ಲ ಎಂದೆ. ಯಾವ ಫಿಲ್ಟರ್ ಎಂದು ಅವರು ಕೇಳಲಿಲ್ಲ. ಮೊದಲು ಅಲೆಯಾಡುವ ಗೋಡೆಯನ್ನು ತೋರಿಸಿದೆ. ಆಮೇಲೆ ಚೌಕದ ಗುರುತನ್ನು ತೆಗೆದೆ.

ಅವರು ತೆಗೆದದ್ದು ತೆಗೆದಂತೆ ಓಡಿತು. ಪಡಸಾಲೆ, ಕಟ್ಟೆ, ಜಗಲಿ, ಎಲ್ಲವೂ ಜ್ವರ ಬಂದವರ ಹಲ್ಲಿನ ಹಾಗೆ ನಡುಗುತ್ತ ಹೋದವು. ಕಾಕಾ ಪರದೆಯ ಹತ್ತಿರ ಬಾಗಿ ನೋಡಿದರು. ಅವರ ಬಲಗೈ ತೊಡೆಯ ಮೇಲಿತ್ತು. ಎಡಗೈಯಿಂದ ಅದನ್ನು ಒತ್ತಿ ಹಿಡಿದಿದ್ದರು.

"ಆಯಿ ಮಾತು ಕೇಳಿದ್ಯೇನು?" ಎಂದರು.

"ಕೇಳಿದೆರಿ ಕಾಕಾ."

 ಕಾಕಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಲೋಕಾಪುರದಾಗ ಟಿ.ವಿ. ನೋಡಿದ ದಿನಾನ ನನಗ ಗೊತ್ತಾತು ಯವ್ವಾ. ಅಕ್ಕಿಕಾಳ ಹೊತ್ತಿನ್ಯಾಗ ನನ್ನ ಕೈ ನಡಗಿದ್ದು ನನಗ ನೆನಪಿತ್ತು. ಟಿ.ವಿ.ಯಾಗ ನಡಗಲಿಲ್ಲ. ನೀ ಏನೋ ಮಾಡಾಕತ್ತಿ ಅಂತ ತಿಳೀತು. ಅದಕ್ಕ ಮುಂದಿನ ಲಗ್ನದಿಂದ ನಿನಗ ಕತ್ತರಸಾಕ ಜಾಗಾ ಬಿಟ್ಟು ತಗದೆ."

 ಒಂದು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕೆಲಸ ಮಾಡಿದ್ದೆವು. ನಾನು ಮುಚ್ಚುತ್ತಿದ್ದೆ, ನಾನು ಮುಚ್ಚಲು ಬೇಕಾದಷ್ಟನ್ನು ಅವರು ಬಿಡುತ್ತಿದ್ದರು. ಟೇಪು ಹಾಳಾಗಿದೆ ಎಂದು ಹೇಳಿಬಿಡಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಮತ್ತೆ ಮೊದಲಿನಿಂದ ಓಡಿಸಲು ಹೇಳಿ, ಕಣ್ಣು ಮುಚ್ಚಿ ಧ್ವನಿಯನ್ನಷ್ಟೇ ಕೇಳಿದರು. ಆಯಿಯ ಮಾತು ಸ್ಪಷ್ಟವಾಗಿತ್ತು. ಖಾಲಿ ಮನೆಯಾದ್ದರಿಂದ ಅವಳ ದನಿ ಗೋಡೆಗೆ ತಾಗಿ ಸ್ವಲ್ಪ ದೊಡ್ಡದಾಗಿಯೇ ಕೇಳುತ್ತಿತ್ತು.

"ಚಿತ್ರಾ ನಿಲ್ಲಸು," ಎಂದರು ಕಾಕಾ. "ಮಾತು ಓಡ್ಲಿ."

ಹಾಗೆಯೇ ಮಾಡಲು ಕುಳಿತೆವು. ಒಂದೊಂದು ಜಾಗಕ್ಕೆ ಒಂದೇ ಚಿತ್ರ. ಅದು ನಿಂತೇ ಇರುತ್ತದೆ, ಆಯಿಯ ಮಾತು ಅದರ ಮೇಲೆ ಸಾಗುತ್ತದೆ. ಆದರೆ ನಡುಗುವ ಟೇಪಿನಿಂದ ಚೊಕ್ಕ ಚಿತ್ರ ತೆಗೆಯುವುದು ಸುಲಭವಿರಲಿಲ್ಲ. ಎಲ್ಲಿ ನಿಲ್ಲಿಸಿದರೂ ಅಂಚುಗಳು ಕಲೆಸಿದಂತಿದ್ದವು. ಒಂದೊಂದೇ ಚಿತ್ರವನ್ನು ಮುಂದೆ ಸರಿಸುತ್ತ ಹೋದಾಗ ನನಗೆ ಒಂದು ತಿಳಿಯಿತು. ಕೈ ಆ ಕಡೆ ಹೋಗಿ ಈ ಕಡೆ ಹೊರಳುವ ಮೊದಲು ಒಂದು ಗಳಿಗೆ ನಿಲ್ಲುತ್ತದೆ. ಆ ಗಳಿಗೆಯ ಚಿತ್ರ ಮಾತ್ರ ಚೊಕ್ಕವಾಗಿರುತ್ತದೆ. ನಾನು ಅಂಥವನ್ನು ಹುಡುಕಿ ತೆಗೆದಿಟ್ಟೆ. ಅವುಗಳಲ್ಲಿ ಯಾವುದು ಬೇಕೆಂದು ಕಾಕಾ ಆರಿಸಿದರು. ಕಟ್ಟೆಯ ಚಿತ್ರದಲ್ಲಿ ಆಯಿಯ ಸೀರೆಯ ಸೆರಗು ಮೂಲೆಯಲ್ಲಿ ಬರುವುದನ್ನು ಆರಿಸಿದರು. ಜಗಲಿಗೆ, ದೀಪದ ಮಸಿ ಗೋಡೆಗೆ ಹತ್ತಿದ್ದು ಕಾಣುವುದನ್ನು.

ಫಿಲ್ಟರುಗಳನ್ನು ಹೊಸದಾಗಿ ಜೋಡಿಸಿದೆ. ಮೇಲೆ ಗೆರೆಗಳನ್ನು ಒಂದುಗೂಡಿಸುವುದು. ಅದಿಲ್ಲದೆ ನಿಲ್ಲಿಸಿದರೆ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತಿದ್ದವು. ಅದರ ಕೆಳಗೆ ಮಸುಕು ತೆಗೆಯುವುದು, ಅದೂ ಸ್ವಲ್ಪವೇ, ಗೋಡೆಯ ಬಿರುಕು ಉಳಿಯುವಷ್ಟು. ಕಡೆಗೆ ಬಣ್ಣ. ಹೊಳಪು ಬೇಡವೆಂದೆವು. ನಡುಕ ನಿಲ್ಲಿಸುವ ಫಿಲ್ಟರಿನ ಗುರುತನ್ನಷ್ಟೇ ತೆಗೆದು ಬಿಡಲಿಲ್ಲ, ಅದನ್ನು ಸಾಲಿನಿಂದಲೇ ಅಳಿಸಿದೆ. ಬಂಗಾರದ ಅಕ್ಷರ ಮಾತ್ರ ಆಯಿಯ ಕಿರಿಯ ಮಗ ಹೇಳಿದಂತೆ ತಿರುಗುತ್ತ ಬಂದವು. ಕೈ ನಡುಗುವ ಮಾತು ಬರುವಲ್ಲಿ ಕಾಕಾ, ಇದನ್ನು ತೆಗೆ ಎಂದರು. ತೆಗೆದೆ.

ವಾಸ್ತುಶಾಂತಿಯ ದಿನ ಡಿವಿಡಿ ತೆಗೆದುಕೊಂಡು ಇಬ್ಬರೂ ಹೋದೆವು. ಪುನರ್ವಸತಿ ಕೇಂದ್ರದಲ್ಲಿ ನೇರ ರಸ್ತೆಗಳು, ಒಂದೇ ಅಳತೆಯ ಜಾಗಗಳು. ಅರ್ಧ ಜಾಗಗಳಲ್ಲಿ ಮನೆ ಎದ್ದಿದ್ದವು, ಉಳಿದರ್ಧ ಖಾಲಿ. ಇವರ ಮನೆಯ ಮುಂದೆ ಚಪ್ಪರ ಹಾಕಿ, ಮೇಜಿನ ಮೇಲೆ ಟಿ.ವಿ. ಇಟ್ಟಿದ್ದರು. ಹೊಸ ಬಾಗಿಲಿನ ಚೌಕಟ್ಟಿನಲ್ಲಿ ಹಳೆಯ ತೊಲೆಯ ಕಪ್ಪು ಬಣ್ಣ ಪೂರ್ತಿ ಹೋಗಿರಲಿಲ್ಲ. ಊಟಕ್ಕೆ ಮೊದಲು ಎಲ್ಲರನ್ನೂ ಕೂರಿಸಿ ಹಾಕಿದರು.

ಅಕ್ಷರ ತಿರುಗಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಕಟ್ಟೆಯ ಚಿತ್ರ ಬಂದು ನಿಂತಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಯಿ ತನ್ನದೇ ದನಿ ಕೇಳಿ ಮೊದಲು ಬೆಚ್ಚಿದಳು, ಆಮೇಲೆ ಅದರ ಜೊತೆ ಸಣ್ಣಗೆ ಮಾತಾಡತೊಡಗಿದಳು. ಟಿ.ವಿ.ಯಲ್ಲಿ ಅವಳು ದೊಡ್ಡ ಮಗ ಹುಟ್ಟಿದ್ದು ಈ ಕೋಣೆಯಲ್ಲಿ ಎಂದರೆ, ಇಲ್ಲಿ ಕುಳಿತವಳು, ಅಲ್ಲ, ಅವನು ಹುಟ್ಟಿದ್ದು ಪಡಸಾಲೆಯಲ್ಲಿ, ಆವತ್ತು ಕೋಣೆಯಲ್ಲಿ ಜೋಳ ತುಂಬಿತ್ತು ಎಂದು ತಿದ್ದಿದಳು. ಹಿಂದಿದ್ದ ಹೆಂಗಸರು ಮೊದಲು ನಕ್ಕರು. ಆಮೇಲೆ ಸೆರಗು ಬಾಯಿಗೆ ಹಿಡಿದು ಕುಳಿತರು.

ಕಿರಿಯ ಮಗ ಮಾತ್ರ ನಿಂತೇ ನೋಡುತ್ತಿದ್ದ. ಮೂರನೆಯ ಚಿತ್ರವೂ ಅಲುಗದಿದ್ದಾಗ ನನ್ನ ಹತ್ತಿರ ಬಂದು, ವಿಡಿಯೋ ಕೇಳಿದರೆ ಫೋಟೋ ಕೊಟ್ಟಿದ್ದೀರಲ್ಲ, ಬೀಗರ ಮುಂದೆ ಮರ್ಯಾದೆ ಹೋಯಿತು ಎಂದ. ದನಿ ಜೋರಾಗಿಯೇ ಇತ್ತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಕಂಪ್ಯೂಟರಿನ ತೊಂದರೆ ಎಂದೇನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಎದ್ದು ನಿಂತರು.

"ಹುಡಿಗಿ ತಪ್ಪಲ್ಲರಿ ಇದು. ನನ್ನ ಕೈ ನಡಗತಾವು. ನಾ ತಗದದ್ದು ನೋಡೂವಂಗ ಇರಲಿಲ್ಲ. ಇಕಿ ಇಷ್ಟರ ಉಳಿಸ್ಯಾಳ."

ಚಪ್ಪರದಲ್ಲಿದ್ದ ಅರ್ಧ ಜನ ಕಾಕಾನನ್ನು ಬಲ್ಲವರು. ಅವರ ಮನೆಗಳ ಲಗ್ನಗಳನ್ನು ತೆಗೆದವರು ಇವರೇ. ಎಲ್ಲರೂ ಟಿ.ವಿ. ಬಿಟ್ಟು ಅವರ ಕೈಯ ಕಡೆ ನೋಡಿದರು. ಕಾಕಾ ಕೈಯನ್ನು ಹಿಂದೆ ಕಟ್ಟಿಕೊಳ್ಳಲಿಲ್ಲ, ಕಿಸೆಗೂ ಹಾಕಲಿಲ್ಲ. ಅದು ನಡುಗುತ್ತಲೇ ಇತ್ತು. ಕಿರಿಯ ಮಗ, ಊಟದ ವ್ಯವಸ್ಥೆ ನೋಡುತ್ತೇನೆಂದು ಒಳಗೆ ಹೋದ. ಆಯಿ ತಿರುಗಿ ನೋಡಿ ತನ್ನ ಪಕ್ಕದ ಕಂಬಳಿಯನ್ನು ತಟ್ಟಿದಳು. ಕಾಕಾ ಹೋಗಿ ಅಲ್ಲಿ ಕುಳಿತರು. ಉಳಿದದ್ದನ್ನು ಇಬ್ಬರೂ ಒಟ್ಟಿಗೆ ನೋಡಿದರು.

ಬೀಳಗಿಯಿಂದ ಜಮಖಂಡಿಯ ಬಸ್ಸಿನಲ್ಲಿ ಜಾಗ ಸಿಕ್ಕಿತು.  ಇಳಿಯುವ ಮೊದಲು ಕಾಕಾ, "ಮುಂದಿನ ಲಗ್ನಕ್ಕ ಬ್ಯಾರೆಯವರ್ನ ನೋಡ್ಕೋರಿ ಅಂತ ಮಾಲಕರಿಗೆ ನೀನ ಹೇಳು. ನನಗ ಹೇಳಾಕ ಆಗಾಂಗಿಲ್ಲ," ಎಂದರು. ಆಗಲಿ ಎಂದೆ. ಅವರು ಇಳಿದು ಮನೆಯ ಕಡೆ ನಡೆದರು. ನಾನು ಬನಹಟ್ಟಿಯ ಬಸ್ಸಿಗೆ ನಿಂತು ಅತ್ತೆ.

ಮಾಲಕರಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಕ್ಯಾಮೆರಾದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ನನಗೆ ಒಂದು ಮಾತು ಹೇಳಬಾರದಿತ್ತೇ ಎಂದರು. ಕಾಕಾ ಕೆಳಗೆ ಅಂಗಡಿಯಲ್ಲಿ ಕೂರಲಿ, ಗಿರಾಕಿಗಳನ್ನು ಮಾತಾಡಿಸಲಿ ಎಂದು ತಾವೇ ಹೋಗಿ ಕರೆತಂದರು. ಕೆಲವು ವಾರ ಕಾಕಾ ಬಂದರು. ರಸೀದಿ ಬರೆಯಲು ಆಗುತ್ತಿರಲಿಲ್ಲ. ಅವರನ್ನು ಬಲ್ಲ ಗಿರಾಕಿಗಳು ಬಂದು, ನಮ್ಮ ಲಗ್ನಕ್ಕೆ ನೀವೇ ಬರಬೇಕು ಎಂದಾಗಲೆಲ್ಲ ಕಾರಣ ಹೇಳಬೇಕಾಗುತ್ತಿತ್ತು. ನಿಧಾನಕ್ಕೆ ಬರುವುದನ್ನು ಬಿಟ್ಟರು. ಮಿರಜಿನ ಡಾಕ್ಟರು ಇದು ನರದ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ಗುಣವಾಗುವುದಿಲ್ಲ ಎಂದಿದ್ದರು. ವರ್ಷದ ಹಿಂದೆಯೇ ಬಂದಿದ್ದರೆ ಎಂದು ಅವರೇನಾದರೂ ಹೇಳಿದರೇ ಎಂದು ಕಾಕೂ ಅವರನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಕಾಕೂ ಎಂದರೆ ಕಾಕಾನ ಹೆಂಡತಿ. ಅವರು ನನ್ನನ್ನು ಎಂದೂ ಬೇರೆಯಾಗಿ ಕಾಣಲಿಲ್ಲ.

ನಾನು ಅವರ ಮನೆಗೆ ಹೋಗಿ ಬರುತ್ತಿದ್ದೆ. ಮೊದಮೊದಲು ಹೊಸ ಕ್ಯಾಮೆರಾಮನ್ ಹೇಗೆ ತೆಗೆಯುತ್ತಾನೆ ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದು ನಿಂತಿತು. ಮಾತು ತೊದಲತೊಡಗಿತು, ಕಾಕೂ ಅರ್ಧ ಲೋಟ ಚಹಾವನ್ನು ತಾವೇ ಹಿಡಿದು ಕುಡಿಸುತ್ತಿದ್ದರು.

ಕಡೆಯ ಸಲ ಹೋದಾಗ ಸಂಜೆಯ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಿತ್ತು. ಕಾಕಾ ಹೊದ್ದು ಮಲಗಿದ್ದರು. ಕೈಗಳೆರಡೂ ಹೊದಿಕೆಯ ಒಳಗಿದ್ದವು. ನಾನು ಹಾಸಿಗೆಯ ಪಕ್ಕ ಕುಳಿತಾಗ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಏನೋ ಹೇಳಿದರು, ತಿಳಿಯಲಿಲ್ಲ. ಮತ್ತೆ ಹೇಳಿದರು.

"ಬೆಳಕಿಗೆ ಬಾ."

ನಾನು ಬಾಗಿಲ ಕಡೆ ಸರಿದು ಕುಳಿತೆ. ಇನ್ನೂ ಸ್ವಲ್ಪ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ಸರಿದೆ. ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸು ಎಂದರು. ತಿರುಗಿಸಿದೆ. ಬಿಸಿಲು ಕೆನ್ನೆಗೆ ತಾಗುವುದು ಗೊತ್ತಾಯಿತು. ಬಹಳ ಹೊತ್ತು ಹಾಗೇ ನೋಡಿದರು.

"ಹಾಂ," ಎಂದರು. "ಈಗ ಛಲೋ ಐತಿ."

ಅವರಿಗೆ ನಿದ್ದೆ ಹತ್ತುವವರೆಗೂ ನಾನು ಅಲುಗದೆ ಹಾಗೇ ಕುಳಿತಿದ್ದೆ.